ಆಲೋಕಿತಪಾನಭೋಜನವೂ ಪೊಟ್ಟಣದ ಮೇಲಿನ ಬರಹವೂ

ಅಹಿಂಸಾವ್ರತವು ಸ್ಥಿರವಾಗಿ ನಿಲ್ಲಬೇಕಾದರೆ ಐದು ಭಾವನೆಗಳ ಆಧಾರ ಬೇಕೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ತಿಳಿಸಿರುವರು. ವಾಗ್ಗುಪ್ತಿ, ಮನೋಗುಪ್ತಿ, ಈರ್ಯಾಸಮಿತಿ, ಆದಾನನಿಕ್ಷೇಪಣಸಮಿತಿ ಎಂಬ ನಾಲ್ಕನ್ನು ಹೇಳಿದ ಬಳಿಕ ಐದನೆಯದಾಗಿ ಅವರು ಎಣಿಸಿರುವುದು ಆಲೋಕಿತಪಾನಭೋಜನವನ್ನು. ತಿನ್ನುವ ಅನ್ನವನ್ನೂ ಕುಡಿಯುವ ನೀರನ್ನೂ ಕಣ್ಣಿನಿಂದ ಚೆನ್ನಾಗಿ ನೋಡಿ, ಶೋಧಿಸಿ, ಅನಂತರವೇ ಸ್ವೀಕರಿಸಬೇಕೆಂಬುದು ಇದರ ತಾತ್ಪರ್ಯ. ಮಾತು, ಮನಸ್ಸು, ನಡಿಗೆ, ವಸ್ತುಗಳನ್ನು ತೆಗೆದಿಡುವ ಎಚ್ಚರ ಇವುಗಳ ಸಾಲಿನಲ್ಲಿಯೇ ಊಟದ ನೋಟವನ್ನೂ ಇರಿಸಿರುವುದು ಗಮನಾರ್ಹವಾಗಿದೆ. ಹಿಂಸೆಯ ಮೂಲವು ಪ್ರಮಾದದಲ್ಲಿದೆ. ಪ್ರಮಾದದ ಮೂಲವು ಅನೇಕ ವೇಳೆ ನೋಡದಿರುವುದರಲ್ಲಿದೆ.

ಹಿಂದಿನ ಶ್ರಾವಕರ ಮನೆಗಳಲ್ಲಿ ಈ ನೋಟವು ಕಷ್ಟಸಾಧ್ಯವಾಗಿರಲಿಲ್ಲ. ಧಾನ್ಯವನ್ನು ಮೊರದಲ್ಲಿ ಹಾಕಿ ಹೊತ್ತಿನ ಬೆಳಕಿನಲ್ಲಿ ಆರಿಸುತ್ತಿದ್ದರು. ನೀರನ್ನು ದಪ್ಪ ಬಟ್ಟೆಯಲ್ಲಿ ಗಾಳಿಸುತ್ತಿದ್ದರು. ಹಿಟ್ಟು ಮನೆಯ ಬೀಸುವ ಕಲ್ಲಿನಿಂದಲೇ ಬರುತ್ತಿತ್ತು. ಅದು ಎಂದು ಬೀಸಿದ್ದೆಂಬುದು ಮನೆಯೊಡತಿಗೆ ತಿಳಿದಿತ್ತು. ಅಡುಗೆಮನೆಯಲ್ಲಿ ಏನಿತ್ತೋ ಅದು ತಟ್ಟೆಯಲ್ಲಿತ್ತು. ತಟ್ಟೆಯಲ್ಲಿದ್ದುದೆಲ್ಲವೂ ಕಣ್ಣಿಗೆ ಕಂಡದ್ದಾಗಿತ್ತು.

ಈಗ ಪರಿಸ್ಥಿತಿ ಬದಲಾಗಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಂಥ ಹೋಬಳಿ ಕೇಂದ್ರದ ಕಿರಾಣಿ ಅಂಗಡಿಯಲ್ಲಿಯೂ ಬಿಸ್ಕತ್ತು, ಚಿಪ್ಸು, ನೂಡಲ್ಸ್, ಮಸಾಲೆಪುಡಿ, ಹಣ್ಣಿನ ರಸವೆಂಬ ಹೆಸರಿನ ಪಾನೀಯ ಎಲ್ಲವೂ ಮುಚ್ಚಿದ ಪೊಟ್ಟಣಗಳಲ್ಲಿಯೇ ದೊರೆಯುತ್ತವೆ. ಒಳಗಿರುವುದನ್ನು ಕಣ್ಣು ಕಾಣಲಾರದು. ಕಂಡರೂ ಅದು ಯಾವುದರಿಂದ ಆಯಿತೆಂದು ತಿಳಿಯಲಾರದು. ಅಂಥಲ್ಲಿ ಕಣ್ಣಿಗೆ ದೊರೆಯುವುದು ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳು ಮಾತ್ರ. ಆದುದರಿಂದ ಆಲೋಕಿತಪಾನಭೋಜನವೆಂಬ ಪುರಾತನ ಭಾವನೆಯು ಇಂದಿನ ಗೃಹಸ್ಥನಿಗೆ ಒಂದು ಹೊಸ ಪ್ರಶ್ನೆಯನ್ನು ಒಡ್ಡುತ್ತದೆ: ಓದಬಹುದಾದುದನ್ನು ಓದದೆ ತಿಂದವನು ನೋಡದೆ ತಿಂದವನೇ ಆಗುವನೋ? ಓದಿ ತಿಂದ ಮಾತ್ರಕ್ಕೆ ವ್ರತವನ್ನು ಪಾಲಿಸಿದಂತಾಯಿತೋ?

ಈ ಸೀಮೆಗೂ ಆಹಾರವಿಚಾರಕ್ಕೂ ಹಳೆಯ ನಂಟಿದೆ. ಚಂಗಾಳ್ವರು ಆಳಿದ ಈ ನಾಡಿನಲ್ಲಿ ಚಿಕ್ಕಹನಸೋಗೆಯ ಬಸದಿಗಳು ಜೈನಮುನಿಗಳ ಒಂದು ಪರಂಪರೆಗೇ ಹೆಸರು ಕೊಟ್ಟವು. ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆರಂಭದಲ್ಲಿ ಸಮ್ಯಕ್ತ್ವಕೌಮುದಿ, ನೇಮಿಜಿನೇಶಸಂಗತಿಗಳಂಥ ಧರ್ಮಕಾವ್ಯಗಳೊಂದಿಗೆ ಸೂಪಶಾಸ್ತ್ರವೆಂಬ ಪಾಕಗ್ರಂಥವನ್ನೂ ಷಟ್ಪದಿಯಲ್ಲಿ ರಚಿಸಿದನು. ಧರ್ಮಕಥೆಯನ್ನು ಬರೆದ ಕೈಯೇ ಅಡುಗೆಯನ್ನೂ ಬರೆದುದರಲ್ಲಿ ವಿಶೇಷವೇನಿಲ್ಲ; ಯಾವ ಪದಾರ್ಥವನ್ನು ಯಾವುದರೊಡನೆ ಹೇಗೆ ಬೇಯಿಸಬೇಕೆಂದು ಬಿಡಿಸಿ ಹೇಳುವುದೂ ಒಂದು ಬಗೆಯ ನಿರ್ಮಲತೆಯೇ ಸರಿ. ಪಾಕಗ್ರಂಥವು ಅಡುಗೆ ಮಾಡುವವನಿಗೆ ಹೇಳುತ್ತಿದ್ದುದನ್ನು ಪೊಟ್ಟಣದ ಬರಹವು ತಿನ್ನುವವನಿಗೆ ಹೇಳಬೇಕಾಗಿದೆ. ಅದೇ ಮೈಸೂರು ಜಿಲ್ಲೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಸ್ಥಾಪಿತವಾಗಿ ಆಹಾರದ ಸಂಸ್ಕರಣ, ಸಂರಕ್ಷಣಗಳ ವಿದ್ಯೆಯು ಬೆಳೆದುದನ್ನೂ ಇಲ್ಲಿ ನೆನೆಯಬಹುದು.

ಪೊಟ್ಟಣದ ಮೇಲೆ ಏನಿರಬೇಕೆಂಬುದನ್ನು ರಾಜಶಾಸನವು ಕ್ರಮೇಣ ವಿಧಿಸಿದೆ. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ ನಿಯಮಗಳ ಮೂಲಕ 2001ರಲ್ಲಿ ಮಾಂಸಾಹಾರದ ಕಂದು ಗುರುತೂ 2002ರಲ್ಲಿ ಸಸ್ಯಾಹಾರದ ಹಸಿರು ಗುರುತೂ ಕಡ್ಡಾಯವಾಗಿ ಬಂದವು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಹಿಂದಿನ ಕಾಯಿದೆಯ ಸ್ಥಾನವನ್ನು ಪಡೆಯಿತು. 2011ರಲ್ಲಿ ಅದರ ನಿಯಮಗಳು ಜಾರಿಗೆ ಬಂದವು. 2020ರಲ್ಲಿ ಲೇಬಲ್‌ಗಳಿಗೆಂದೇ ಪ್ರತ್ಯೇಕ ನಿಯಮಾವಳಿಯು ಪ್ರಕಟವಾಯಿತು. ಇದರಂತೆ ಪೊಟ್ಟಣದ ಮೇಲೆ ಘಟಕಗಳ ಪಟ್ಟಿ ಇರಬೇಕು. ಯಾವುದು ಹೆಚ್ಚು ಪ್ರಮಾಣದಲ್ಲಿದೆಯೋ ಅದು ಮೊದಲು, ಕಡಿಮೆಯಿರುವುದು ಕೊನೆಗೆ ಬರಬೇಕು. ನೂರು ಗ್ರಾಂ ಪದಾರ್ಥದಲ್ಲಿ ಎಷ್ಟು ಶಕ್ತಿ, ಎಷ್ಟು ಪ್ರೋಟೀನು, ಶರ್ಕರಪಿಷ್ಟ, ಒಟ್ಟು ಸಕ್ಕರೆ, ಬೆರೆಸಿದ ಸಕ್ಕರೆ, ಕೊಬ್ಬು, ಸೋಡಿಯಂ ಇವೆಯೆಂಬ ಪೌಷ್ಟಿಕ ವಿವರವಿರಬೇಕು. ತಯಾರಾದ ದಿನ, ಬಳಕೆಯ ಅವಧಿ, ತಯಾರಕರ ವಿಳಾಸಗಳೂ ಇರಬೇಕು.

ಇವುಗಳಲ್ಲಿ ಜೈನಗೃಹಸ್ಥನ ದೃಷ್ಟಿ ಮೊದಲು ಹೋಗುವುದು ಹಸಿರು ಗುರುತಿನ ಮೇಲೆ. ಆ ಗುರುತು ದೊಡ್ಡ ಉಪಕಾರವೇ ಆಗಿದೆ. ಆದರೆ ಅದು ಹೇಳುವುದೆಷ್ಟು, ಹೇಳದಿರುವುದೆಷ್ಟು ಎಂಬುದನ್ನು ವಿವೇಚಿಸದೆ ಅದನ್ನೇ ವ್ರತದ ಮುದ್ರೆಯೆಂದು ಭಾವಿಸುವುದು ಸರಿಯಲ್ಲ. 2020ರ ನಿಯಮಾವಳಿಯು ಮಾಂಸಾಹಾರದ ಲಕ್ಷಣವನ್ನು ಹೇಳುವಾಗ ಪ್ರಾಣಿ, ಪಕ್ಷಿ, ಕೀಟ, ಜಲಚರ, ಮೊಟ್ಟೆ ಮತ್ತು ಪ್ರಾಣಿಜನ್ಯ ವಸ್ತುಗಳನ್ನೆಲ್ಲ ಸೇರಿಸಿ, ಹಾಲು ಮತ್ತು ಹಾಲಿನ ಪದಾರ್ಥಗಳೊಡನೆ ಜೇನುತುಪ್ಪ, ಜೇನುಮೇಣ, ಅರಗುಗಳನ್ನು ಹೊರತುಪಡಿಸಿದೆ. ಎಂದರೆ ಜೇನು ಬೆರೆತ ಬಿಸ್ಕತ್ತಿಗೂ ಹಸಿರು ಗುರುತೇ ಇರುವುದು. ಮದ್ಯ, ಮಾಂಸ, ಮಧು ಎಂಬ ಮೂರು ಮಕಾರಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿಯೇ ಸೇರಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕವೂ ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವೂ ಇದನ್ನು ಸಾರುತ್ತವೆ. ಶಾಸನಕ್ಕೆ ಸಸ್ಯಾಹಾರವಾದುದು ಮೂಲಗುಣಕ್ಕೆ ಅಭಕ್ಷ್ಯವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ. ಆಲೂಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಮೊದಲಾದ ಅನಂತಕಾಯಗಳೂ ಹಸಿರು ಗುರುತಿನಡಿಯಲ್ಲಿಯೇ ಬರುತ್ತವೆ. ಆಲ, ಅರಳಿ, ಅತ್ತಿ ಮೊದಲಾದ ಐದು ಉದುಂಬರ ಫಲಗಳೊಂದಿಗೆ ಅಂಜೂರವನ್ನೂ ಬಿಟ್ಟಿರುವ ಮನೆಗಳಿವೆ. ಅಂಜೂರದ ತಿನಿಸಿಗೂ ಹಸಿರು ಗುರುತೇ. ಶಾಸನವು ತಪ್ಪು ಮಾಡಿದೆಯೆಂದು ಇದರ ಅರ್ಥವಲ್ಲ. ಅದು ಎಲ್ಲ ಸಸ್ಯಾಹಾರಿಗಳಿಗಾಗಿ ಮಾಡಿದ ಗುರುತು. ವ್ರತಿಕನ ಕೆಲಸವನ್ನು ಅದು ವಹಿಸಿಕೊಂಡಿಲ್ಲ.

ಗುರುತನ್ನು ದಾಟಿ ಘಟಕಗಳ ಪಟ್ಟಿಗೆ ಬಂದಾಗ ಅಂಕಿಗಳ ತೊಡಕು ಎದುರಾಗುತ್ತದೆ. ಬಣ್ಣ, ರುಚಿವರ್ಧಕ, ಹೊಳಪುಕಾರಕಗಳು ಸಂಖ್ಯೆಯ ರೂಪದಲ್ಲಿ ಬರೆಯಲ್ಪಡುತ್ತವೆ. 901 ಎಂದರೆ ಜೇನುಮೇಣ, 904 ಎಂದರೆ ಅರಗು. 631 ಎಂಬ ರುಚಿವರ್ಧಕವು ಮೀನು ಮಾಂಸಗಳಿಂದಲೂ ಆಗಬಹುದು, ಸಸ್ಯಮೂಲದಿಂದಲೂ ಆಗಬಹುದು. ಅಂಕಿಯನ್ನು ನೋಡಿದರೆ ಮೂಲವು ತಿಳಿಯುವುದಿಲ್ಲ. 2021ರ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಇದೇ ವಸ್ತುವನ್ನು ಉದಾಹರಿಸಿ, ಘಟಕಗಳನ್ನು ಸಂಕೇತಸಂಖ್ಯೆಯಿಂದ ಮಾತ್ರ ಹೇಳದೆ ಅವು ಸಸ್ಯಮೂಲವೋ ಪ್ರಾಣಿಮೂಲವೋ ಪ್ರಯೋಗಾಲಯದಲ್ಲಿ ಆದುವೋ ಎಂಬುದನ್ನೂ ಪೂರ್ಣವಾಗಿ ತಿಳಿಸಬೇಕೆಂದು ಆದೇಶಿಸಿತು. ಎಷ್ಟೇ ಅಲ್ಪ ಪ್ರಮಾಣದಲ್ಲಿದ್ದರೂ ಪ್ರಾಣಿಜನ್ಯ ವಸ್ತು ಬೆರೆತರೆ ಆ ಆಹಾರವು ಸಸ್ಯಾಹಾರವಾಗದೆಂಬ ಅದರ ಅಭಿಪ್ರಾಯವು ಶ್ರಾವಕಾಚಾರದ ಭಾವಕ್ಕೆ ಸಮೀಪವಾಗಿದೆ. ತಿನ್ನುವವನಿಗೆ ತಾನು ತಿನ್ನುವುದೇನೆಂದು ತಿಳಿಯುವ ಹಕ್ಕುಂಟೆಂದು ನ್ಯಾಯಾಲಯವು ಹೇಳುತ್ತದೆ. ತಿಳಿದುಕೊಳ್ಳುವ ಹೊಣೆಯುಂಟೆಂದು ಶ್ರಾವಕಾಚಾರವು ಹೇಳುತ್ತದೆ.

ಕಾಲದ ವಿಷಯವೂ ಹೀಗೆಯೇ. ರೂಢಿಯ ಮರ್ಯಾದೆಯಂತೆ ಬೀಸಿದ ಹಿಟ್ಟು ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಮಾತ್ರ ಗ್ರಾಹ್ಯ. ಪೊಟ್ಟಣದ ಮೇಲಿನ ಅವಧಿಯಾದರೋ ತಿಂಗಳುಗಳ ಲೆಕ್ಕದ್ದು. ಒಂದು ರುಚಿ ಕೆಡದಿರುವ, ದೇಹಕ್ಕೆ ಹಾನಿಯಾಗದಿರುವ ಕಾಲವನ್ನು ಹೇಳುತ್ತದೆ. ಇನ್ನೊಂದು ಜೀವೋತ್ಪತ್ತಿಯ ಸಂಭವವನ್ನು ಲಕ್ಷಿಸಿ ಹೇಳುತ್ತದೆ. ಎರಡರ ಉದ್ದೇಶ ಬೇರೆಯಾದುದರಿಂದ ಒಂದನ್ನು ಇನ್ನೊಂದರ ಸ್ಥಾನದಲ್ಲಿ ಇರಿಸಲಾಗದು. ಆದರೂ ತಯಾರಾದ ದಿನವು ಪೊಟ್ಟಣದ ಮೇಲಿರುವುದರಿಂದ ಮರ್ಯಾದೆಯನ್ನು ಪಾಲಿಸುವವನಿಗೆ ಲೆಕ್ಕದ ಆಧಾರವಾದರೂ ದೊರೆಯುತ್ತದೆ.

ಇನ್ನು ಪೌಷ್ಟಿಕ ವಿವರದ ಕೋಷ್ಟಕ. ಇದು ಕೇವಲ ವೈದ್ಯರಿಗೆ ಸಂಬಂಧಿಸಿದ್ದು, ಧರ್ಮಕ್ಕೆ ಇದರಿಂದೇನು ಎಂದು ಕೆಲವರು ಕೇಳಬಹುದು. ಸಮಂತಭದ್ರಾಚಾರ್ಯರು ಭೋಗೋಪಭೋಗಪರಿಮಾಣ ವ್ರತವನ್ನು ವಿವರಿಸುವಲ್ಲಿ ಇದಕ್ಕೆ ಸಮಾಧಾನವಿದೆ. ತ್ರಸಜೀವಗಳ ಘಾತವಾಗುವುದು, ಪ್ರಮಾದವನ್ನು ಹುಟ್ಟಿಸುವುದು, ಅಲ್ಪಫಲಕ್ಕಾಗಿ ಬಹುಜೀವಗಳ ಘಾತವಾಗುವುದು ಇವುಗಳೊಡನೆ ಅನಿಷ್ಟವಾದುದನ್ನೂ ಅನುಪಸೇವ್ಯವಾದುದನ್ನೂ ಬಿಡಬೇಕೆಂದು ಅವರು ವಿಧಿಸಿರುವರು. ಭಕ್ಷ್ಯವೇ ಆದರೂ ತನ್ನ ಶರೀರಪ್ರಕೃತಿಗೆ ಹಿತವಲ್ಲದುದು ಅನಿಷ್ಟ. ಮಧುಮೇಹದವನಿಗೆ ಸಕ್ಕರೆ, ರಕ್ತದ ಒತ್ತಡವಿರುವವನಿಗೆ ಉಪ್ಪು ಅನಿಷ್ಟದ ವರ್ಗಕ್ಕೆ ಸೇರುವುವು. ಹೀಗೆ ಆರೋಗ್ಯವಿಚಾರವು ಅಭಕ್ಷ್ಯವಿಚಾರದ ಹೊರಗಿನದಲ್ಲ. ಆಚಾರ್ಯರೇ ಅದಕ್ಕೊಂದು ಸ್ಥಾನವನ್ನು ಕಲ್ಪಿಸಿರುವರು. ಅನಿಷ್ಟವನ್ನು ಗುರುತಿಸಲು ಇಂದು ದೊರೆಯುವ ಸಾಧನಗಳಲ್ಲಿ ಆ ಕೋಷ್ಟಕವೂ ಒಂದು.

ಬಾಹ್ಯತಪಗಳಲ್ಲಿ ಒಂದಾದ ರಸಪರಿತ್ಯಾಗಕ್ಕೂ ಅದು ನೆರವಾಗುವುದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಬಿಡುವ ನಿಯಮವನ್ನು ಅನೇಕ ಶ್ರಾವಿಕೆಯರು ಪಾಲಿಸುತ್ತಾರೆ. ಉಪ್ಪನ್ನು ಬಿಟ್ಟ ದಿನ ಅನ್ನಕ್ಕೆ ಉಪ್ಪು ಹಾಕದೆ ಉಂಡು, ಸಂಜೆಗೆ ಮುಂಚೆ ಸಿಹಿ ಬಿಸ್ಕತ್ತನ್ನು ತಿಂದರೆ ನಿಯಮವು ಉಳಿಯಿತೆಂದು ತೋರಬಹುದು. ಆದರೆ ಸಿಹಿ ಬಿಸ್ಕತ್ತಿನ ಘಟಕಗಳಲ್ಲಿಯೂ ಸಾಮಾನ್ಯವಾಗಿ ಉಪ್ಪು ಇರುತ್ತದೆ. ನಾಲಿಗೆಗೆ ತಿಳಿಯದ ರಸವನ್ನು ಬರಹವು ತಿಳಿಸುತ್ತದೆ. ಲೆಕ್ಕವೂ ಕಠಿಣವಲ್ಲ. ಸೋಡಿಯಮ್ಮಿನ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಬರುತ್ತದೆ. ದಿನವೊಂದಕ್ಕೆ 2000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು ಎಂಬುದು ನಿಯಮಾವಳಿಯು ಲೆಕ್ಕಕ್ಕೆ ಹಿಡಿದಿರುವ ಮಿತಿ. ಬೆರೆಸಿದ ಸಕ್ಕರೆಗೆ 50 ಗ್ರಾಂ. ನೂರು ಗ್ರಾಂ ಖಾರದ ತಿನಿಸಿನಲ್ಲಿ 800 ಮಿಲಿಗ್ರಾಂ ಸೋಡಿಯಂ ಇದೆಯೆಂದು ಬರೆದಿದ್ದರೆ, ಅದರ ಅರ್ಧವನ್ನು ತಿಂದವನ ದೇಹಕ್ಕೆ 1 ಗ್ರಾಂ ಉಪ್ಪು, ಎಂದರೆ ದಿನದ ಮಿತಿಯ ಐದನೆಯ ಒಂದು ಭಾಗ ಸೇರಿತು. ನೂರು ಗ್ರಾಂ ಬಿಸ್ಕತ್ತಿನಲ್ಲಿ 25 ಗ್ರಾಂ ಸಕ್ಕರೆಯೆಂದಿದ್ದರೆ ಕೊಂಡುದರಲ್ಲಿ ಕಾಲು ಭಾಗ ಸಕ್ಕರೆಯೇ. ‘ಒಂದು ಸಲದ ಬಳಕೆಗೆ’ ಎಂದು ಚಿಕ್ಕ ಪ್ರಮಾಣವನ್ನು ಹೇಳಿರುವಲ್ಲಿ, ಮನೆಯಲ್ಲಿ ಒಂದು ಸಲಕ್ಕೆ ನಿಜವಾಗಿ ಎಷ್ಟು ತಿನ್ನುವರೆಂಬುದನ್ನು ಕೂಡಿಸಿ ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ ಪ್ರಕಟಿಸಿದ 17 ಆಹಾರಸೂತ್ರಗಳಲ್ಲಿ ಕೊನೆಯದು ಪೊಟ್ಟಣದ ಬರಹವನ್ನು ಓದಿ ಆಯ್ದುಕೊಳ್ಳಬೇಕೆಂಬುದೇ ಆಗಿದೆ.

ಇಲ್ಲಿಂದ ಮೊದಲನೆಯ ಪ್ರಶ್ನೆಗೆ ಬರಬಹುದು. ಓದದೆ ತಿಂದವನಿಗೆ ದೋಷವುಂಟೇ? ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕರ್ಮಾಸ್ರವದ ವಿಶೇಷವನ್ನು ಹೇಳುವಾಗ ತೀವ್ರಭಾವ, ಮಂದಭಾವಗಳೊಂದಿಗೆ ಜ್ಞಾತಭಾವ, ಅಜ್ಞಾತಭಾವಗಳನ್ನೂ ಎಣಿಸಲಾಗಿದೆ. ತಿಳಿದು ಮಾಡಿದುದಕ್ಕೂ ತಿಳಿಯದೆ ಮಾಡಿದುದಕ್ಕೂ ಭೇದವುಂಟು. ಜೇನು ಬೆರೆತಿದೆಯೆಂದು ತಿಳಿಯುವ ದಾರಿಯೇ ಇಲ್ಲದಾಗ ತಿಂದವನ ಅಜ್ಞಾನವು ನಿಜವಾದ ಅಜ್ಞಾನ. ಆದರೆ ಬರಹವು ಕೈಯಲ್ಲಿಯೇ ಇದ್ದು, ಅಕ್ಷರವೂ ಬರುತ್ತಿದ್ದು, ಓದಿದರೆ ಬಿಡಬೇಕಾದೀತೆಂಬ ಅಂಜಿಕೆಯಿಂದ ಪೊಟ್ಟಣವನ್ನು ತಿರುಗಿಸಿ ನೋಡದವನ ಅಜ್ಞಾನವು ಅಂಥದಲ್ಲ. ಅದು ತಾನೇ ಆರಿಸಿಕೊಂಡ ಅಜ್ಞಾನ. ಅದರ ಹೆಸರು ಪ್ರಮಾದ. ಲೇಬಲ್ ಬಂದುದರಿಂದ ತಿನಿಸಿನ ಗುಣವೇನೂ ಬದಲಾಗಲಿಲ್ಲ. ತಿನ್ನುವವನ ಹೊಣೆಯು ಬದಲಾಯಿತು.

ಎರಡನೆಯ ಪ್ರಶ್ನೆ: ಓದಿದ ಮಾತ್ರಕ್ಕೆ ವ್ರತವಾಯಿತೇ? ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಲಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತದೆ. ಹಾರನಹಳ್ಳಿಯ ಸುತ್ತಿನ ರೈತರಿಗೂ ಅದು ಪರಿಚಿತ ಬೆಳೆ. ಆ ಸೊಪ್ಪಿನಿಂದಾದ ಸಿಗರೇಟಿನ ಪೊಟ್ಟಣದಲ್ಲಿ 2016ರಿಂದ ಮುಖಗಳ ಶೇಕಡಾ 85 ಭಾಗವನ್ನು ಎಚ್ಚರಿಕೆಯ ಚಿತ್ರವೂ ಮಾತೂ ಆವರಿಸಿವೆ. ಇದಕ್ಕಿಂತ ದೊಡ್ಡ ಬರಹವು ಯಾವ ತಿನಿಸಿನ ಮೇಲೆಯೂ ಇಲ್ಲ. ಆದರೂ ಅದನ್ನು ಕಣ್ಣಾರೆ ಕಂಡು, ಕೈಯಾರೆ ಒಡೆದು ಸೇದುವವರಿದ್ದಾರೆ. ಬರಹವು ಜ್ಞಾನವನ್ನು ಕೊಡಬಲ್ಲುದು, ವಿರತಿಯನ್ನು ಕೊಡಲಾರದು. ದರ್ಶನ, ಜ್ಞಾನ, ಚಾರಿತ್ರಗಳೆಂಬ ಮೂರು ಕೂಡಿದಾಗಲೇ ಮಾರ್ಗವೆಂಬ ಸಿದ್ಧಾಂತವು ಅಂಗಡಿಯ ಕಟ್ಟೆಯ ಮೇಲೆಯೂ ಸತ್ಯವಾಗಿದೆ.

ಹಾಗೆಂದು ಬರಹವು ನಿಷ್ಫಲವೆನ್ನಲಾಗದು. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು, ಶಕ್ತಿ ಅತಿಯಾಗಿರುವ ಪದಾರ್ಥಗಳ ಮುಂಭಾಗದಲ್ಲಿ ಕಪ್ಪು ಅಷ್ಟಕೋನದ ಗುರುತನ್ನು ಕಡ್ಡಾಯ ಮಾಡಿದರು. ಜಾಹೀರಾತು ನಿರ್ಬಂಧಗಳೂ ಕೂಡಿದ ಆ ಕಾನೂನಿನ ಬಳಿಕ ಸಿಹಿಪಾನೀಯಗಳ ಖರೀದಿಯು ಇಳಿಯಿತೆಂದು ಅಧ್ಯಯನಗಳು ತೋರಿಸಿವೆ. ಹಿಂಭಾಗದ ಸಣ್ಣ ಅಂಕಿಗಳಿಗಿಂತ ಮುಂಭಾಗದ ಸರಳ ಗುರುತು ಸಾಮಾನ್ಯ ಜನರಿಗೆ ಬೇಗ ತಿಳಿಯುವುದು. ಆದರೂ ಹೆದರಿ ಬಿಟ್ಟುದಕ್ಕೂ ಸಂಕಲ್ಪಿಸಿ ಬಿಟ್ಟುದಕ್ಕೂ ಅಂತರವಿದೆ. ಯೋಗ್ಯವಾದ ವಿಷಯದಿಂದಲೂ ಬುದ್ಧಿಪೂರ್ವಕವಾಗಿ ನಿವೃತ್ತನಾಗುವುದೇ ವ್ರತವೆಂಬುದು ಸಮಂತಭದ್ರಾಚಾರ್ಯರ ಅಭಿಪ್ರಾಯ. ರೋಗದ ಭಯದಿಂದ ಸಕ್ಕರೆಯನ್ನು ಬಿಟ್ಟವನು ರೋಗವು ಇಳಿದೊಡನೆ ಮತ್ತೆ ಅದರತ್ತ ಹೊರಳಬಹುದು. ಇಂತಿಷ್ಟು ಕಾಲವೆಂದು ನಿಯಮವನ್ನು ತೆಗೆದುಕೊಂಡು ಬಿಟ್ಟವನು ರುಚಿಯ ಮೇಲಿನ ಆಸೆಯನ್ನೇ ಅಳೆಯಲು ಹೊರಟಿರುವನು. ಇಬ್ಬರೂ ಓದುವುದು ಅದೇ ಕೋಷ್ಟಕವನ್ನು; ಸಾಧಿಸುವುದು ಬೇರೆ ಬೇರೆ ಫಲವನ್ನು.

ಈ ವಿಚಾರಕ್ಕೆ ಒಂದು ಆಕ್ಷೇಪವುಂಟು. ಇಷ್ಟೆಲ್ಲ ಓದಿ ಲೆಕ್ಕಹಾಕುವುದು ದೇಹದ ಮೇಲಿನ ಮಮತೆಯನ್ನೇ ಬೆಳೆಸುವುದಲ್ಲವೇ? ಈ ಶಂಕೆಯು ನಿರಾಧಾರವಲ್ಲ. ತನ್ನ ರಕ್ತ, ತನ್ನ ತೂಕ, ತನ್ನ ಆಯುಷ್ಯ ಎಂಬ ಚಿಂತೆಯಲ್ಲಿಯೇ ಓದುವವನು ದೇಹದ ಸೇವಕನಾಗಿಯೇ ಉಳಿಯುವನು. ಆದರೆ ದೇಹವು ಧರ್ಮಸಾಧನೆಯ ಉಪಕರಣವೆಂಬುದೂ ನಿಜ. ಷೋಡಶ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತ್ಯನುಸಾರವಾಗಿ ಮಾಡಬೇಕೆಂದಿದೆ. ಶಕ್ತಿಯನ್ನು ಅರಿಯದವನು ಅದಕ್ಕೆ ಅನುಸಾರವಾಗಿ ನಡೆಯುವುದೆಂತು? ಅಷ್ಟಾಹ್ನಿಕದಲ್ಲಿಯೋ ದಶಲಕ್ಷಣದಲ್ಲಿಯೋ ಉಪವಾಸ ಮಾಡಿ, ಪಾರಣೆಗೆ ಪೊಟ್ಟಣದ ಕರಿದ ತಿನಿಸನ್ನೂ ಸಕ್ಕರೆಯ ಪಾನೀಯವನ್ನೂ ಸೇವಿಸಿದರೆ, ಹಸಿದ ಹೊಟ್ಟೆಗೂ ಹಿತವಿಲ್ಲ, ಉಪವಾಸದ ಶಾಂತಭಾವಕ್ಕೂ ಹಿತವಿಲ್ಲ. ಮಧುಮೇಹಾದಿ ವ್ಯಾಧಿಗಳಿರುವವರು ವೈದ್ಯರ ಸಲಹೆಯಿಲ್ಲದೆ ದೀರ್ಘ ಉಪವಾಸಕ್ಕೆ ತೊಡಗುವುದೂ ಶಕ್ತಿಯನ್ನು ಮೀರಿದ ನಡೆಯೇ ಆಗುವುದು.

ಇನ್ನೊಂದು ತೊಡಕು ನ್ಯಾಯಕ್ಕೆ ಸಂಬಂಧಿಸಿದುದು. ನಿಯಮದಂತೆ ಪೊಟ್ಟಣದ ವಿವರವು ಇಂಗ್ಲಿಷಿನಲ್ಲಾಗಲಿ ದೇವನಾಗರಿಯ ಹಿಂದಿಯಲ್ಲಾಗಲಿ ಇದ್ದರೆ ಸಾಕು; ಕನ್ನಡವನ್ನು ಸೇರಿಸಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ನೂರು ಚದರ ಸೆಂಟಿಮೀಟರನ್ನು ಮೀರದ ಚಿಕ್ಕ ಹೊದಿಕೆಗೆ ಘಟಕಗಳ ಪಟ್ಟಿಯಿಂದಲೂ ಪೌಷ್ಟಿಕ ವಿವರದಿಂದಲೂ ವಿನಾಯಿತಿಯುಂಟು. ಅವು ಹಲವನ್ನು ಕೂಡಿಸಿ ಕಟ್ಟಿದ ದೊಡ್ಡ ಪೊಟ್ಟಣದ ಮೇಲಿದ್ದರಾಯಿತು. ಹಳ್ಳಿಯ ಅಂಗಡಿಯಲ್ಲಿ ಮಕ್ಕಳು ಕೊಳ್ಳುವುದು ಬಹುಮಟ್ಟಿಗೆ ಅಂಥ ಚಿಕ್ಕ ಪೊಟ್ಟಣಗಳನ್ನೇ. ಎಂದರೆ ತಿಳಿವಳಿಕೆಯ ಅಗತ್ಯವು ಎಲ್ಲಿ ಹೆಚ್ಚೋ ಅಲ್ಲಿಯೇ ಬರಹವು ಕಡಿಮೆ. ಆದುದರಿಂದ ಓದಬಲ್ಲವನು ಓದಲಾರದವನನ್ನು ಶಿಥಿಲಾಚಾರಿಯೆಂದು ಜರೆಯುವುದು ಅಧರ್ಮ. ತನಗೆ ಲಭಿಸಿದ ಅಕ್ಷರಜ್ಞಾನವು ಮದಕ್ಕೆ ಕಾರಣವಾದರೆ, ಜೇನನ್ನು ಬಿಟ್ಟವನು ಮಾನಕಷಾಯವನ್ನು ತಿಂದಂತಾಗುವುದು.

ಒಂದು ಮನೆಯ ಉದಾಹರಣೆಯಿಂದ ಇದು ಸ್ಪಷ್ಟವಾಗಬಹುದು. ವೃದ್ಧ ಶ್ರಾವಿಕೆಯೊಬ್ಬಳು ಯಾವಜ್ಜೀವ ಮಧುತ್ಯಾಗ ಮಾಡಿರುವಳು. ಆಕೆಗೆ ಇಂಗ್ಲಿಷ್ ಅಕ್ಷರ ಬಾರದು. ಮೈಸೂರಿನಲ್ಲಿ ಓದುವ ಮೊಮ್ಮಗನು ಊರಿಗೆ ಬರುವಾಗ ಪ್ರೀತಿಯಿಂದ ಬಿಸ್ಕತ್ತನ್ನು ತಂದು, ಹಸಿರು ಗುರುತನ್ನು ತೋರಿಸಿ, ‘ಅಜ್ಜಿ, ಇದು ಶುದ್ಧ ಸಸ್ಯಾಹಾರ, ತಿನ್ನಿ’ ಎನ್ನುವನು. ಪಟ್ಟಿಯ ನಡುವೆ ಜೇನಿನ ಹೆಸರಿದೆ. ಆಕೆ ನಂಬಿ ತಿಂದರೆ ಆಕೆಯದು ಅಜ್ಞಾತಭಾವ. ತಿಳಿದ ಬಳಿಕ ಆಲೋಚನೆ, ಪ್ರಾಯಶ್ಚಿತ್ತಗಳಿಂದ ಮನಸ್ಸನ್ನು ಹಗುರಮಾಡಿಕೊಂಡು ವ್ರತವನ್ನು ಮುಂದುವರಿಸುವಳು. ಆದರೆ ಕೊಟ್ಟವನ ಪಾಡೇನು? ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರನ್ನೂ ಧರ್ಮವು ಸಮನಾಗಿ ವಿಚಾರಿಸುತ್ತದೆ. ಓದಬಲ್ಲ ಕಣ್ಣು ಆ ಮನೆಯಲ್ಲಿ ಅವನೊಬ್ಬನಿಗೇ ಇದ್ದಾಗ, ಅಜ್ಜಿಯ ವ್ರತದ ರಕ್ಷಣೆಯೂ ಅವನ ಪಾಲಿಗೆ ಬಂದಿತು. ದಾನದ ಫಲವು ದ್ರವ್ಯದ ಶುದ್ಧಿಯನ್ನೂ ಅವಲಂಬಿಸಿದೆಯೆಂಬ ಉಪದೇಶವು ಪಾತ್ರದಾನಕ್ಕೆ ಮಾತ್ರವಲ್ಲದೆ ಮನೆಯೊಳಗಿನ ಇಂಥ ಕೊಡುಕೊಳೆಗೂ ಅನ್ವಯಿಸುತ್ತದೆ. ಹಿರಿಯರಿಗಾಗಿ ಓದಿ ಹೇಳುವುದನ್ನು ವೈಯಾವೃತ್ಯದ ಒಂದು ಅಂಗವೆಂದೇ ಭಾವಿಸಬೇಕು.

ಎಲ್ಲವನ್ನೂ ಒಮ್ಮೆಗೇ ಬಿಡುವುದು ಎಲ್ಲರಿಗೂ ಸಾಧ್ಯವಾಗದು. ಅದಕ್ಕಾಗಿಯೇ ಕಾಲಮಿತಿಯುಳ್ಳ ನಿಯಮವೆಂದೂ ಜೀವನಪರ್ಯಂತದ ಯಮವೆಂದೂ ಎರಡು ದಾರಿಗಳಿವೆ. ಈ ಚಾತುರ್ಮಾಸ ಮುಗಿಯುವವರೆಗೆ ಘಟಕಗಳನ್ನು ಓದದೆ ಯಾವ ಪೊಟ್ಟಣವನ್ನೂ ಮನೆಗೆ ತರುವುದಿಲ್ಲವೆಂದು ಒಬ್ಬರು ನಿಯಮ ಮಾಡಬಹುದು. ಮೂಲವು ತಿಳಿಯದ ಅಂಕಿಯಿದ್ದರೆ ಅದನ್ನು ಕೊಳ್ಳುವುದಿಲ್ಲವೆಂದು ಇನ್ನೊಬ್ಬರು ಮಾಡಬಹುದು. ಪೊಟ್ಟಣದ ತಿನಿಸು ವಾರಕ್ಕೆ ಇಂತಿಷ್ಟೇ ಎಂದು ಪರಿಮಾಣ ಮಾಡಿಕೊಳ್ಳುವುದು ಭೋಗೋಪಭೋಗಪರಿಮಾಣಕ್ಕೆ ಸರಳವಾದ ಆರಂಭವಾಗುವುದು. ಬಸದಿಯ ಪಾಠಶಾಲೆಯಲ್ಲಿ ಮಕ್ಕಳಿಗೆ ಅಷ್ಟಮೂಲಗುಣಗಳನ್ನು ಹೇಳಿಕೊಡುವಾಗ ನಾಲ್ಕಾರು ಖಾಲಿ ಪೊಟ್ಟಣಗಳನ್ನು ಮುಂದಿಟ್ಟು ಜೇನಿನ ಹೆಸರನ್ನೂ 901, 904, 631ರ ಅರ್ಥವನ್ನೂ ಅವರಿಂದಲೇ ಓದಿಸಿದರೆ, ಆ ಮಕ್ಕಳು ಮನೆಗೆ ಹೋಗಿ ಅಜ್ಜ ಅಜ್ಜಿಯರಿಗೆ ಓದಿ ಹೇಳುವರು.

ಮನೆಯಲ್ಲಿ ಗಾಳಿಸಿದ ನೀರು, ಆರಿಸಿದ ಧಾನ್ಯ, ಕಣ್ಣೆದುರಿನ ಅಡುಗೆ ಇವುಗಳಿಗೆ ಸಮನಾದ ಲೇಬಲ್ ಯಾವುದೂ ಇಲ್ಲ. ಪೊಟ್ಟಣವನ್ನು ಚೆನ್ನಾಗಿ ಓದಿದವನು ಕೊನೆಗೆ ಅನೇಕ ವೇಳೆ ಅದನ್ನು ಅಂಗಡಿಯಲ್ಲಿಯೇ ಇಟ್ಟುಬರುವನು. ಆದರೆ ಕೊಳ್ಳಲೇಬೇಕಾಗಿ ಬಂದಲ್ಲಿ, ನೀರಿಗೆ ಗಾಳಿಸುವ ಬಟ್ಟೆ ಹೇಗೋ ಪೊಟ್ಟಣಕ್ಕೆ ಓದುವ ಕಣ್ಣು ಹಾಗೆ. ಬಟ್ಟೆಯು ಮನೆಯಲ್ಲಿದ್ದರೆ ಸಾಲದು. ಪ್ರತಿ ಸಲವೂ ಕೊಡದ ಬಾಯಿಗೆ ಅದನ್ನು ಹಾಸಬೇಕು.